ಗಿರಾಕಿಯ ಡೇಟಾ ನಮ್ಮ ಕೈಯಿಂದಲೇ ಅಳಿಸಿಹೋದರೆ ಏನು ಮಾಡಬೇಕು

ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಹತ್ತಿರ ಒಂದು ಸರ್ವಿಸ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಸ್ಕ್ರೂ ಬಿಚ್ಚುವುದು, ಹಾರ್ಡ್‌ಡಿಸ್ಕ್ ಬದಲಿಗೆ ಬರುವ ಚಿಪ್ ಡ್ರೈವ್ ಆದ ಎಸ್‌ಎಸ್‌ಡಿ ಹಾಕುವುದು ಇವನ್ನೆಲ್ಲ ನಾನೇ ಕಲಿಸುತ್ತೇನೆ. ಅದಕ್ಕೂ ಮೊದಲು ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಸಿಪಿಯು ಬಗ್ಗೆ ಹೇಳುತ್ತೇನೆ. ಅದರಲ್ಲಿ ನಾನು ಮಾಡಿದ ತಪ್ಪು ಒಂದಲ್ಲ, ಮೂರು. ಮೂರನೆಯದು ಎಲ್ಲಕ್ಕಿಂತ ದುಬಾರಿಯಾಯಿತು.

2022ರ ಫೆಬ್ರುವರಿ. ಮೆಣಸಿನಕಾಯಿ ಸೀಜನ್ ಜೋರಿದ್ದ ಕಾಲ. ಸಿಪಿಯು ಪಕ್ಕದ ಕವರ್ ತೆಗೆದ ಕೂಡಲೇ ಮೂಗು, ಕಣ್ಣು ಎರಡೂ ಉರಿದವು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ, ಆದರೆ ಒಣಗಿದ ಪುಡಿ ಮೂಗಿಗೆ ಹೋದರೆ ಯಾವ ಕಾಯಿ ಆದರೂ ಅಷ್ಟೇ. ಫ್ಯಾನಿನ ರೆಕ್ಕೆಗಳ ಮೇಲೆ, ಹೀಟ್‌ಸಿಂಕಿನ ಸಂದಿಗಳಲ್ಲಿ ಕೆಂಪು ಧೂಳು ಮೆತ್ತಿಕೊಂಡಿತ್ತು. ಬಾಯಿಗೆ ಟವೆಲ್ ಕಟ್ಟಿಕೊಂಡು, ಹೊರಗೆ ಒಯ್ದು, ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋವರ್ ಹೊಡೆದೆ. ಆಮೇಲೂ ಮಷಿನ್ ನಿಧಾನವೇ ಇತ್ತು. ವಿಂಡೋಸ್ ಹೊಸದಾಗಿ ಹಾಕೋಣ ಅಂದುಕೊಂಡೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರನ್ನೂ ಕಾಪಿ ಮಾಡಿಕೊಂಡೆ. 38 ಜಿಬಿ ಇತ್ತು, ಎಲ್ಲ ಬಂತು ಅನ್ನಿಸಿತು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್‌ನ ಭಾಗಗಳನ್ನು, ಅಂದರೆ ಹಳೆಯ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿದೆ.

ಸಂಜೆ ಆರೂವರೆಗೆ ಅಂಗಡಿಯ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ಹಾಕಿ ತೆಗೆದೆ. ಕಂಪನಿ ಲಿಸ್ಟ್ ಖಾಲಿ. ಆಗ ಹೊಳೆಯಿತು. ಟ್ಯಾಲಿ ಇಆರ್‌ಪಿ 9 ತನ್ನ ಡೇಟಾವನ್ನು ಡಾಕ್ಯುಮೆಂಟ್ಸ್‌ನಲ್ಲಿ ಇಡುವುದಿಲ್ಲ. ಬೇರೆ ಜಾಗ ತೋರಿಸದಿದ್ದರೆ ಸಿ ಡ್ರೈವ್‌ನ ಯೂಸರ್ಸ್ ಒಳಗೆ ಪಬ್ಲಿಕ್ ಅನ್ನುವ ಫೋಲ್ಡರ್‌ನಲ್ಲಿ ಇಡುತ್ತದೆ. ಅಲ್ಲಿ ಒಂದೊಂದು ಕಂಪನಿಗೂ 10000, 10001 ಹೀಗೆ ಬರೀ ಅಂಕಿಯ ಹೆಸರಿನ ಫೋಲ್ಡರ್. ಆ ಕಡೆ ನಾನು ನೋಡೇ ಇರಲಿಲ್ಲ. ಇದು ಮೊದಲ ತಪ್ಪು.

ಎರಡನೆಯದು ಐದೇ ನಿಮಿಷದಲ್ಲಿ ಆಯಿತು. ಅದೇ ಮಷಿನ್‌ಗೆ ನೆಟ್ ಹಚ್ಚಿ, ಅದೇ ಡಿಸ್ಕ್‌ಗೆ ರಿಕವರಿ ಸಾಫ್ಟ್‌ವೇರ್ ಇಳಿಸಿ, ರಾತ್ರಿ ಹತ್ತರ ತನಕ ಓಡಿಸಿದೆ. ಸಿಕ್ಕ ಫೈಲುಗಳನ್ನೂ ಅದೇ ಡಿಸ್ಕ್‌ನಲ್ಲೇ ಉಳಿಸಿದೆ. ಯಾವುದನ್ನು ಹುಡುಕುತ್ತಿದ್ದೆನೋ ಅದರ ಮೇಲೆಯೇ ಬರೆಯುತ್ತಾ ಹೋದೆ.

ಮೂರನೆಯದು, ಆ ಸಂಜೆ ಗಿರಾಕಿಗೆ ಫೋನ್ ಮಾಡಲಿಲ್ಲ. ರಾತ್ರಿಯೊಳಗೆ ಸರಿ ಮಾಡಿ, ಬೆಳಿಗ್ಗೆ ಹೇಳೋಣ ಅಂದುಕೊಂಡೆ. ಬೆಳಿಗ್ಗೆ ಒಂಬತ್ತಕ್ಕೆ ಹೇಳಿದಾಗ ದಲಾಲಿ ಅಂಗಡಿಯ ಸಾವುಕಾರರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನೆ ಸಂಜೀನ ಹೇಳಬೇಕಿತ್ತೋ ತಮ್ಮಾ" ಅಂದರು. ಗುಮಾಸ್ತರ ಹತ್ತಿರ ಜನವರಿ ಕೊನೆಯ ಬ್ಯಾಕಪ್ ಇದ್ದ ಪೆನ್‌ಡ್ರೈವ್ ಇತ್ತು. ಮಷಿನ್ ರೆಡಿಯಾಗಿ ಬರುತ್ತದೆ, ಹೊಸ ಬ್ಯಾಕಪ್ ತೆಗೆದರಾಯಿತು ಅಂತ ಅದನ್ನು ರಾತ್ರಿ ಮಗನಿಗೆ ಕೊಟ್ಟಿದ್ದರು. ಆ ಹುಡುಗ ಎಲ್ಲ ಅಳಿಸಿ ಸಿನಿಮಾ ತುಂಬಿಕೊಂಡಿದ್ದ. ಉಳಿದದ್ದು 2021ರ ದೀಪಾವಳಿಯ ಲಕ್ಷ್ಮೀಪೂಜೆ ದಿನ ತೆಗೆದಿಟ್ಟ ಬ್ಯಾಕಪ್ ಒಂದೇ. ನವೆಂಬರ್ 4ರಿಂದ ಈಚಿನ ಮೂರು ತಿಂಗಳ ಮೇಲಿನ ಲೆಕ್ಕ ಹೋಯಿತು.

ಅದಕ್ಕೇ ನಾನು ಹುಡುಗರಿಗೆ ಹೇಳುವುದು: ಗಿರಾಕಿಗೆ ತಿಳಿಸುವುದು ಬರೀ ಮರ್ಯಾದೆಯ ಮಾತಲ್ಲ, ಅದೂ ರಿಕವರಿ ಕೆಲಸವೇ. ಇನ್ನೊಂದು ಕಾಪಿ ಎಲ್ಲಿದೆ ಅನ್ನುವುದು ನಿಮಗೆ ಗೊತ್ತಿಲ್ಲ, ಅವರಿಗೆ ಗೊತ್ತು.

ಮೊದಲ ಅರ್ಧ ತಾಸು

ಡೇಟಾ ಹೋಗಿದೆ ಅಂತ ಅನುಮಾನ ಬಂದ ತಕ್ಷಣ ಕೀಬೋರ್ಡ್‌ನಿಂದ ಕೈ ತೆಗೆಯಿರಿ. ಪವರ್ ಬಟನ್ ಒತ್ತಿ ಹಿಡಿದು ಮಷಿನ್ ಬಂದ್ ಮಾಡಿ. ಮೆನುಗೆ ಹೋಗಿ ಶಟ್‌ಡೌನ್ ಕೊಡಬೇಡಿ. ಬಂದ್ ಆಗುವಾಗಲೂ ವಿಂಡೋಸ್ ಡಿಸ್ಕ್ ಮೇಲೆ ಏನೇನೋ ಬರೆಯುತ್ತದೆ, ಕೆಲವು ಸಲ ಅಪ್‌ಡೇಟ್ ಕೂಡ ಹಾಕಿಕೊಳ್ಳುತ್ತದೆ.

ಎಸ್‌ಎಸ್‌ಡಿ ಆದರೆ ಇನ್ನೂ ಅವಸರ ಬೇಕು. ಹಳೆಯ ಹಾರ್ಡ್‌ಡಿಸ್ಕ್‌ನಲ್ಲಿ ಅಳಿಸಿದ ಫೈಲು ಅದರ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಅಲ್ಲೇ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಹಾಗಲ್ಲ. ಈ ಜಾಗ ಖಾಲಿಯಾಗಿದೆ ಅಂತ ವಿಂಡೋಸ್ ಅದಕ್ಕೆ ಹೇಳಿಬಿಡುತ್ತದೆ. ಇದಕ್ಕೆ ಟ್ರಿಮ್ ಅಂತಾರೆ. ಆಮೇಲೆ ಡ್ರೈವ್ ಕರೆಂಟ್ ಸಿಕ್ಕಾಗ ತಾನೇ ಒಳಗೊಳಗೆ ಆ ಜಾಗ ಒರೆಸುತ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದಾಗಲೂ ಹೀಗೇ ಆಗುತ್ತದೆ. ಆದ್ದರಿಂದ ಎಸ್‌ಎಸ್‌ಡಿಯಿಂದ ಬರುತ್ತದೆ ಅಂತ ಗಿರಾಕಿಗೆ ಆಸೆ ಹುಟ್ಟಿಸಬೇಡಿ.

ಬಂದ್ ಮಾಡಿದ ಮೇಲೆ ಒಂದು ಹಾಳೆ ತೆಗೆದುಕೊಂಡು ಬರೆಯಿರಿ. ಎಷ್ಟು ಗಂಟೆಗೆ ಏನು ಮಾಡಿದಿರಿ, ಯಾವ ಪಾರ್ಟಿಷನ್ ಅಳಿಸಿದಿರಿ, ಆಮೇಲೆ ಏನು ಹಾಕಿದಿರಿ, ಡಿಸ್ಕ್‌ನ ಸೀರಿಯಲ್ ನಂಬರ್ ಏನು. ಎರಡು ದಿನ ಬಿಟ್ಟು ಇನ್ನೊಬ್ಬರ ಕೈಗೆ ಡಿಸ್ಕ್ ಕೊಡಬೇಕಾದರೆ ಈ ಹಾಳೆಯೇ ಅವರಿಗೆ ದಾರಿ ತೋರಿಸುತ್ತದೆ. ನಾನು ಬರೆದಿರಲಿಲ್ಲ. ಎರಡು ಪಾರ್ಟಿಷನ್ ಇದ್ದವೋ ಮೂರೋ ಅಂತ ಆಮೇಲೆ ಎಷ್ಟು ನೆನಪು ಮಾಡಿಕೊಂಡರೂ ಬರಲಿಲ್ಲ.

ನಂತರ ನಿಮ್ಮ ಅಂಗಡಿ ಮಾಲೀಕರಿಗೆ ಹೇಳಿ, ಅವರ ಎದುರಿಗೇ ಗಿರಾಕಿಗೆ ಫೋನ್ ಮಾಡಿ. "ನಿಮ್ಮ ಸಿಸ್ಟಮ್‌ನಾಗ ಸಣ್ಣ ಪ್ರಾಬ್ಲೆಮ್ ಆಗೇತ್ರಿ" ಅಂತ ಶುರು ಮಾಡಬೇಡಿ. "ಅಣ್ಣಾರ, ನನ್ನ ಕಡಿಂದ ತಪ್ಪಾಗೇತ್ರಿ. ಟ್ಯಾಲಿ ಡೇಟಾ ಕಾಪಿ ಮಾಡಲಾರದ ಫಾರ್ಮ್ಯಾಟ್ ಮಾಡೇನ್ರಿ. ಈಗ ಮಷಿನ್ ಬಂದ್ ಮಾಡಿ ಇಟ್ಟೇನಿ. ಹಳೇ ಬ್ಯಾಕಪ್ ಇದ್ದ ಪೆನ್‌ಡ್ರೈವ್ ಯಾವುದನ್ನೂ ಮುಟ್ಟಬ್ಯಾಡ್ರಿ" ಅಂತ ಹೇಳಿ. ಯಾರದು ತಪ್ಪು, ಏನು ಹೋಗಿದೆ, ಈಗ ಅವರು ಏನು ಮಾಡಬಾರದು, ಇಷ್ಟು ಸಾಕು. ಅವರು ಸಿಟ್ಟು ಮಾಡಿದರೆ ಮಾಡಲಿ, ಕೇಳಿಸಿಕೊಳ್ಳಿ.

ಅವರು ಸ್ವಲ್ಪ ಸಮಾಧಾನವಾದ ಮೇಲೆ ಕೇಳಿ: ಆಡಿಟರ್‌ಗೆ ಕೊನೆಯ ಸಲ ಡೇಟಾ ಕೊಟ್ಟದ್ದು ಯಾವಾಗ? ಮನೆಯ ಲ್ಯಾಪ್‌ಟಾಪ್‌ನಲ್ಲಿ ಟ್ಯಾಲಿ ಇದೆಯಾ? ಯಾರಿಗಾದರೂ ಇ-ಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಬ್ಯಾಕಪ್ ಕಳಿಸಿದ್ದರಾ? ಹಳೆಯ ಕಂಪ್ಯೂಟರ್ ಎಲ್ಲಾದರೂ ಮೂಲೆಯಲ್ಲಿ ಬಿದ್ದಿದೆಯಾ? ಎಷ್ಟೋ ಸಲ ಕಳೆದುಹೋದ ಡೇಟಾ ಆಡಿಟರ್ ಆಫೀಸಿನಲ್ಲೇ ಸಿಗುತ್ತದೆ.

ಡಿಸ್ಕ್ ಕೆಲಸ

ಇಲ್ಲಿ ಬೇಕಾದದ್ದು ಮೂರು ಡಿಸ್ಕ್. ಒಂದು ಪೆಟ್ಟು ತಿಂದ ಮೂಲ ಡಿಸ್ಕ್. ಎರಡನೆಯದು ಅಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡದು, ಅದರ ನಕಲಿಗೆ. ಮೂರನೆಯದು, ಸಿಕ್ಕಿದ ಫೈಲು ಉಳಿಸುವುದಕ್ಕೆ. ಮೂಲ ಡಿಸ್ಕ್ ಬಿಚ್ಚಿ ಬೇರೆ ಮಷಿನ್‌ಗೆ ಹಚ್ಚಿ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಡಿರೆಸ್ಕ್ಯೂ ಅನ್ನುವ ನಕಲು ತೆಗೆಯುವ ಸಾಫ್ಟ್‌ವೇರ್‌ನಿಂದ ಇದ್ದದ್ದು ಇದ್ದಹಾಗೆ ಪೂರ್ತಿ ನಕಲು ತೆಗೆಯಿರಿ. ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಬಾಯಿಬಿಟ್ಟು ಓದಿ, ಪಕ್ಕದವರಿಗೂ ತೋರಿಸಿ, ಆಮೇಲೆ ಎಂಟರ್ ಒತ್ತಿ. ಇಲ್ಲಿ ಎರಡು ಹೆಸರು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ಮೂಲದ ಮೇಲೆ ಕೂರುತ್ತದೆ. ಆರೋಗ್ಯವಾಗಿರುವ 1 ಟಿಬಿ ಹಾರ್ಡ್‌ಡಿಸ್ಕ್‌ಗೆ ಸುಮಾರು ಮೂರು ತಾಸು ಹಿಡಿಯುತ್ತದೆ. ನಕಲು ಆದ ಮೇಲೆ ಮೂಲ ಡಿಸ್ಕ್ ಕವರ್‌ನಲ್ಲಿ ಹಾಕಿ ಬೀರುವಿನಲ್ಲಿಡಿ.

ಡಿಸ್ಕ್ ಟಕ್ ಟಕ್ ಅಂತ ಸದ್ದು ಮಾಡುತ್ತಿದ್ದರೆ ನಕಲಿಗೂ ಹೋಗಬೇಡಿ. ಅದು ಲ್ಯಾಬ್‌ನವರ ಕೆಲಸ. ಅಂಗಡಿಯಲ್ಲಿ ಡಿಸ್ಕ್‌ನ ಮುಚ್ಚಳ ಬಿಚ್ಚಿದರೆ ಅಲ್ಲಿಗೆ ಮುಗಿಯಿತು.

ಬರೀ ಪಾರ್ಟಿಷನ್ ಅಳಿಸಿದ್ದು, ಆಮೇಲೆ ಏನೂ ಬರೆದಿಲ್ಲ ಅಂದರೆ ಟೆಸ್ಟ್‌ಡಿಸ್ಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ನಕಲಿನ ಮೇಲೆ ಓಡಿಸಿ. ಹಳೆಯ ಪಾರ್ಟಿಷನ್ ಹೆಚ್ಚಾಗಿ ಹಾಗೇ ಸಿಗುತ್ತದೆ. ಹೊಸ ವಿಂಡೋಸ್ ಕೂತುಬಿಟ್ಟಿದ್ದರೆ ಕಷ್ಟ. ಯಾವ ಫೈಲು ಎಲ್ಲಿದೆ ಅಂತ ಬರೆದಿಟ್ಟ ಪಟ್ಟಿಯ ಮೇಲೆಯೇ ಹೊಸ ಪಟ್ಟಿ ಬಂದಿರುತ್ತದೆ. ನನಗೆ ಆದದ್ದೂ ಅದೇ. ಕೊನೆಗೆ 10003 ಅನ್ನುವ ಫೋಲ್ಡರ್ ಸಿಕ್ಕಿತು. ಅದರೊಳಗೆ ವ್ಯವಹಾರದ ನಮೂದುಗಳಿರುವ ಫೈಲೂ ಇತ್ತು, ಸೈಜ್ ಕೂಡ ಸರಿಯಿತ್ತು. ತೆಗೆದು ನೋಡಿದರೆ ಅರ್ಧಕ್ಕಿಂತ ಮುಂದೆ ಬರೀ ನನ್ನ ರಿಕವರಿ ಸಾಫ್ಟ್‌ವೇರ್ ಉಳಿಸಿದ್ದ ಫೋಟೋಗಳ ಚೂರು. ಕೆಟ್ಟ ಡೇಟಾ ಸರಿಮಾಡುವ ಟ್ಯಾಲಿಯ ರೀರೈಟ್ ಮಾಡಿದರೂ ತೆರೆಯಲಿಲ್ಲ. ರೀರೈಟ್ ಮಾಡುವ ಮುಂಚೆ ಆ ಫೋಲ್ಡರ್‌ನದೂ ಒಂದು ಕಾಪಿ ಇಟ್ಟುಕೊಳ್ಳಿ.

ಡೇಟಾ ಸಿಗದಿದ್ದರೆ ಲೆಕ್ಕ ಮತ್ತೆ ಕಟ್ಟುವುದು

ಇದನ್ನು ಯಾವ ರಿಪೇರಿ ಕ್ಲಾಸಿನಲ್ಲೂ ಕಲಿಸುವುದಿಲ್ಲ. ನಾನು ಕಲಿತದ್ದು ಬ್ಯಾಡಗಿಯಲ್ಲಿ ಆ ಗುಮಾಸ್ತರ ಪಕ್ಕ ಕೂತು. ಮೋಟೆಬೆನ್ನೂರಿನಲ್ಲಿ ಬಸ್ ಇಳಿದು, ಅಲ್ಲಿಂದ ಬ್ಯಾಡಗಿಗೆ ಹೋಗಿ, ಮೊದಲ ದಿನ ಬರೀ ಕಾಗದ ಜೋಡಿಸಿದೆವು.

ಮೊದಲು ಹಳೆಯ ಬ್ಯಾಕಪ್ ಹಾಕಿ. ಅದರ ಕೊನೆಯ ತಾರೀಖು ಬರೆದುಕೊಳ್ಳಿ, ಅಲ್ಲಿಂದ ಮುಂದಕ್ಕೆ ಮಾತ್ರ ಕಟ್ಟಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಕ್ಕಿಂತ ಗಟ್ಟಿ ಆಧಾರ. ಮಾರಾಟಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಆಗಲೇ ಸಲ್ಲಿಸಿದ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1 ಇಳಿಸಿಕೊಳ್ಳಿ. ಜಿಎಸ್‌ಟಿ ನಂಬರ್ ಇರುವ ಖರೀದಿದಾರರ ಬಿಲ್ಲುಗಳು ಅದರಲ್ಲಿ ಒಂದೊಂದಾಗಿ ಇರುತ್ತವೆ. ಖರೀದಿಗೆ, ಮಾರಿದವರು ಸಲ್ಲಿಸಿದ್ದರಿಂದ ತಯಾರಾಗುವ ಪಟ್ಟಿ ಜಿಎಸ್‌ಟಿಆರ್-2ಬಿ ನೋಡಿ. ಸರಕು ಸಾಗಿಸಲು ಮಾಡಿದ ಇ-ವೇ ಬಿಲ್ಲುಗಳನ್ನೂ ತೆಗೆಸಿ. ರೈತರಿಗೆ ಕೊಟ್ಟ ಮಾಲಿನ ಲೆಕ್ಕದ ಪಟ್ಟಿಗಳ ಕಾರ್ಬನ್ ಕಾಪಿ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಆ ಕಾರ್ಬನ್ ಹಾಳೆಗಳಲ್ಲಿ ನೀಲಿ ಅಕ್ಷರದ ಮೇಲೆಲ್ಲ ಕೆಂಪು ಬೆರಳಚ್ಚು. 3 ಯಾವುದು, 8 ಯಾವುದು ಅಂತ ನೋಡಲು ಮೊಬೈಲ್ ಟಾರ್ಚ್ ಹಿಡಿದು ಓದಿದೆವು.

ಇವೆಲ್ಲ ಕಾಗದದ ಮೇಲೆ ಸಿಗುತ್ತವೆ. ಸಿಗದೇ ಇದ್ದದ್ದು ರೊಕ್ಕದ ಕೊಡಕೊಳ್ಳುವಿಕೆ. ಬಿತ್ತನೆ ಹೊತ್ತಿಗೆ, ಮಗಳ ಮದುವೆಗೆ, ಆಸ್ಪತ್ರೆಗೆ ಅಂತ ರೈತರು ಒಯ್ದ ಮುಂಗಡ, ಹಮಾಲರಿಗೆ ಕೊಟ್ಟ ಕೂಲಿ. ಇದಕ್ಕೆ ಬಿಲ್ಲಿಲ್ಲ, ಚೀಟಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಸಾವುಕಾರರು ಒಬ್ಬೊಬ್ಬ ರೈತರಿಗೂ ತಾವೇ ಫೋನ್ ಮಾಡಿದರು. "ಕಂಪ್ಯೂಟರ್‌ನಾಗ ಲೆಕ್ಕ ಹೋಗೇತಿ, ನಿಮ್ಮ ಕಡಿ ಎಷ್ಟೈತಿ ಹೇಳ್ರಿ" ಅಂತ ಕೇಳಿದರು. ರೈತರು ಹೇಳಿದರು, ಗುಮಾಸ್ತರು ಬರೆದುಕೊಂಡರು. ಆ ಹೊತ್ತಿನಲ್ಲಿ ನಾನು ಅಲ್ಲೇ ಕೂತಿದ್ದೆ. ಒಂದು ಡೇಟಾ ಫೋಲ್ಡರ್ ಅಂದರೆ ಏನು ಅಂತ ನನಗೆ ಆಗ ತಿಳಿಯಿತು.

ಟೈಪ್ ಮಾಡಲು ಇಬ್ಬರನ್ನು ಹಿಡಿದೆವು. ದಿನಕ್ಕೆ 600 ರೂಪಾಯಿಯಂತೆ 13 ದಿನ, ಇಬ್ಬರಿಗೆ 15,600. ನಕಲಿಗೆ ತಂದ ಡಿಸ್ಕ್ 3,200. ಒಟ್ಟು 18,800. ಅರ್ಧ ನಮ್ಮ ಅಂಗಡಿ ಮಾಲೀಕರು ಹಾಕಿದರು, ಅರ್ಧ ನನ್ನ ಸಂಬಳದಿಂದ ತಿಂಗಳು ತಿಂಗಳು ಹೋಯಿತು. ನಿಮಗೂ ಇಂಥದ್ದು ಬಂದರೆ ಯಾರು ಎಷ್ಟು ಕೊಡಬೇಕು ಅನ್ನುವುದನ್ನು ಮೊದಲ ದಿನವೇ ಮೂರೂ ಕಡೆಯವರು ಕೂತು ಮಾತಾಡಿ, ಬರೆದಿಡಿ. ರಿಪೇರಿ ಬಿಲ್ ಕೇಳಲೇಬೇಡಿ.

ಈಗ ನಾನು ಮಾಡುವ ರೀತಿ

ಗಿರಾಕಿಯ ಹಳೆಯ ಡಿಸ್ಕ್ ನಾನು ಅಳಿಸುವುದೇ ಇಲ್ಲ. ಹೊಸ ಎಸ್‌ಎಸ್‌ಡಿಗೆ ವಿಂಡೋಸ್ ಹಾಕಿ, ಹಳೆಯದನ್ನು ಹೆಸರು, ತಾರೀಖು ಬರೆದ ಕವರ್‌ನಲ್ಲಿ 30 ದಿನ ಇಡುತ್ತೇನೆ. ಹೊಸದು ತರಲು ಆಗದವರಿಗೆ ಫಾರ್ಮ್ಯಾಟ್ ಮಾಡದೇ ಮೇಲೆಯೇ ಇನ್‌ಸ್ಟಾಲ್ ಮಾಡುತ್ತೇನೆ. ಆಗ ಹಳೆಯದರಲ್ಲಿ ಬಹುಪಾಲು ವಿಂಡೋಸ್ ಡಾಟ್ ಓಲ್ಡ್ ಅನ್ನುವ ಫೋಲ್ಡರ್‌ಗೆ ಹೋಗುತ್ತದೆ. ಸುಮಾರು ಹತ್ತು ದಿನಕ್ಕೆ ವಿಂಡೋಸ್ ಅದನ್ನು ತಾನೇ ಅಳಿಸುತ್ತದೆ, ಅಷ್ಟರೊಳಗೆ ಬೇಕಾದದ್ದು ಎತ್ತಿಕೊಳ್ಳಬೇಕು.

ಕೆಲಸ ಶುರು ಮಾಡುವ ಮುಂಚೆ ಗಿರಾಕಿಯನ್ನು ಪಕ್ಕ ಕೂರಿಸಿಕೊಂಡು, "ದಿನಾ ಬೆಳಿಗ್ಗೆ ಬಂದು ಮೊದಲ ಏನ್ ತೆಗೀತೀರಿ, ತೋರಸ್ರಿ" ಅನ್ನುತ್ತೇನೆ. ಅವರು ಟ್ಯಾಲಿ ತೆಗೆದರೆ ಡೇಟಾ ದಾರಿ ಅಲ್ಲೇ ಬರೆದುಕೊಳ್ಳುತ್ತೇನೆ. ಔಟ್‌ಲುಕ್ ತೆಗೆದರೆ ಅದರ ಫೈಲು ಹುಡುಕುತ್ತೇನೆ. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳೆಯ ಪತ್ರಗಳಿದ್ದರೆ ಫಾಂಟುಗಳನ್ನೂ ಎತ್ತಿಡುತ್ತೇನೆ. ಆ ಫಾಂಟ್ ಇಲ್ಲದಿದ್ದರೆ ಪತ್ರ ತೆರೆದರೂ ಕನ್ನಡ ಕಾಣುವುದಿಲ್ಲ.

ಲ್ಯಾಪ್‌ಟಾಪ್ ಆದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದೆಯಾ ಅಂತ ಮೊದಲು ನೋಡಿ. ಧಾರವಾಡದ ವಕೀಲರೊಬ್ಬರ ಲ್ಯಾಪ್‌ಟಾಪ್‌ಗೆ ಮದರ್‌ಬೋರ್ಡ್ ಬದಲಿಸುವ ಮುಂಚೆ, ಆಮೇಲೆ ಆ ಬೀಗ ತೆರೆಯಲು ಬೇಕಾಗುವ 48 ಅಂಕಿಯ ರಿಕವರಿ ಕೀ ಎಲ್ಲಿದೆ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮಗಳ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸಿಕ್ಕಿತು. ಆ ಕೀ ಸಿಗುವವರೆಗೆ ಎರಡು ದಿನ ನಾನು ಸ್ಕ್ರೂಡ್ರೈವರ್ ಮುಟ್ಟಲಿಲ್ಲ.

ಬ್ಯಾಡಗಿಯ ಲೆಕ್ಕ ಸರಿಹೊಂದಿದ್ದು ಮಾರ್ಚ್‌ನಲ್ಲಿ. ಕೊನೆಗೆ 4,250 ರೂಪಾಯಿ ವ್ಯತ್ಯಾಸ ಉಳಿದಿತ್ತು. ಗಾದಿಯ ಕೆಳಗೆ ಸಿಕ್ಕ ಒಂದು ಹಮಾಲಿ ಚೀಟಿಯಿಂದ ಅದೂ ಸರಿಯಾಯಿತು. ಗುಮಾಸ್ತರು ಅವತ್ತೇ ಎರಡು ಪೆನ್‌ಡ್ರೈವ್‌ಗೆ ಬ್ಯಾಕಪ್ ತೆಗೆದರು. ಒಂದನ್ನು ತಿಜೋರಿಯಲ್ಲಿಟ್ಟರು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ಈಗಲೂ ತಿಂಗಳಿಗೊಮ್ಮೆ ಅದು ಹುಬ್ಬಳ್ಳಿಗೂ ಬ್ಯಾಡಗಿಗೂ ಓಡಾಡುತ್ತದೆ.