ಭಿನ್ನರಾಶಿಯಿಂದ ಅನುಪಾತಕ್ಕೆ: ನಾನು ಹೇಳಿಕೊಡುವ ಬಗೆ

ಗಂಗಾವತಿಯಲ್ಲಿ ಸಂಜೆ ಹೊತ್ತು ಹೈಸ್ಕೂಲು ಮೆಟ್ಟಿಲು ಹತ್ತುವ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಭಿನ್ನರಾಶಿಯನ್ನು ಅನುಪಾತ ಮಾಡುವ ಪಾಠ ಬಂದಾಗ ಮೊದಲೇ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎತ್ತುವುದಿಲ್ಲ. ಭತ್ತದ ರಾಶಿಯಿಂದ ಶುರು ಮಾಡುತ್ತೇನೆ. ಪಾಲು ಅಂದರೆ ಏನು ಅಂತ ಇಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬೋರ್ಡಿನ ಮೇಲೆ ಬರೆಯುತ್ತೇನೆ: ಹೊಲದ ಮಾಲೀಕರಿಗೆ ರಾಶಿಯ 1/2, ದುಡಿದವರಿಗೆ 1/3. ಇಷ್ಟು ಬರೆದು ಸುಮ್ನೆ ನಿಲ್ಲುತ್ತೇನೆ. ಯಾರಾದರೂ ಕೇಳಿಯೇ ಕೇಳುತ್ತಾರೆ, “ಅಕ್ಕೋರೆ, ಉಳಿದದ್ದು ಯಾರಿಗ್ರಿ?” ನನಗೆ ಬೇಕಾದದ್ದು ಇದೇ ಪ್ರಶ್ನೆ. ಉಳಿದದ್ದು 1/6. ಅದು ಟ್ರ್ಯಾಕ್ಟರ್ ಕೊಟ್ಟವರಿಗೆ ಅಂತ ಇಟ್ಟುಕೊಳ್ಳೋಣ.

ಛೇದಗಳು 2, 3, 6. ಈ ಮೂರೂ ಛೇದಗಳಿಂದ ಭಾಗವಾಗುವ ಅತಿ ಚಿಕ್ಕ ಸಂಖ್ಯೆ 6. ಅಂದರೆ ರಾಶಿಯನ್ನು 6 ಸಮಪಾಲು ಮಾಡಬೇಕು. ಮಾಲೀಕರಿಗೆ 3, ದುಡಿದವರಿಗೆ 2, ಟ್ರ್ಯಾಕ್ಟರಿನವರಿಗೆ 1. ಅನುಪಾತ 3:2:1. ಆಮೇಲೆ 90 ಚೀಲ ಇಟ್ಟು ಹಂಚಿಸುತ್ತೇನೆ. 45, 30, 15 ಬರುತ್ತದೆ. ಮೂರನ್ನೂ 15ರಿಂದ ಭಾಗಿಸಿದರೆ ಮತ್ತೆ 3:2:1. ಲ.ಸಾ.ಅ. ಅನ್ನುವ ಹೆಸರನ್ನು ಆಗ ಹೇಳಿದರೆ ಸಾಕು.

ಜಾಸ್ತಿ ಮಕ್ಕಳು ಎಡವುವುದು ಇನ್ನೊಂದು ಕಡೆ. ತರಗತಿಯ 3/5 ಭಾಗ ಹುಡುಗಿಯರು, ಹುಡುಗಿಯರಿಗೂ ಹುಡುಗರಿಗೂ ಇರುವ ಅನುಪಾತ ಎಷ್ಟು? ಥಟ್ಟಂತ 3:5 ಅನ್ನುತ್ತಾರೆ. ಆ 5 ಇಡೀ ತರಗತಿ, ಬರೀ ಹುಡುಗರಲ್ಲ. ಹುಡುಗರು 2/5, ಉತ್ತರ 3:2.

ಇದಾದ ಮೇಲೆ ಹದಿನೇಳು ಒಂಟೆಗಳ ಹಳೇ ಕಥೆ ಹೇಳುತ್ತೇನೆ. ನನಗೆ ಬಲು ಇಷ್ಟದ ಲೆಕ್ಕ ಅದು. ಅಪ್ಪ ಹಿರಿಯ ಮಗನಿಗೆ 1/2, ನಡುವಿನವನಿಗೆ 1/3, ಕಿರಿಯವನಿಗೆ 1/9 ಬರೆದಿಟ್ಟು ತೀರಿಕೊಂಡ. 17 ಯಾವುದಕ್ಕೂ ಸರಿಯಾಗಿ ಭಾಗವಾಗಲ್ಲ. ಊರ ಹಿರಿಯರೊಬ್ಬರು ತಮ್ಮ ಒಂಟೆ ಸೇರಿಸಿ 18 ಮಾಡಿದರು. 9, 6, 2 ಹಂಚಿ, ತಮ್ಮದನ್ನು ವಾಪಸ್ ಹೊಡೆದುಕೊಂಡು ಹೋದರು. ಮಕ್ಕಳು ಇದನ್ನು ಮಾಯ ಅಂದುಕೊಳ್ಳುತ್ತಾರೆ. ಛೇದಗಳ ಲ.ಸಾ.ಅ. 18 ತೆಗೆದು ನೋಡಿ: 9/18, 6/18, 2/18. ಕೂಡಿದರೆ 17/18. ಅಪ್ಪ ಹಂಚಿದ್ದು ಪೂರ್ತಿ ಆಸ್ತಿಯನ್ನೇ ಅಲ್ಲ, 1/18 ಯಾರಿಗೂ ಬರೆದಿರಲಿಲ್ಲ! 9:6:2 ಅನುಪಾತದಲ್ಲಿ ಹಂಚಿದಾಗ ಆ ಉಳಿಕೆಯೂ ಮೂವರಿಗೆ ಹೋಯಿತು. ಹಿರಿಯವನಿಗೆ ಎಂಟೂವರೆ ಬರಬೇಕಿತ್ತು, ಒಂಬತ್ತು ಬಂತು. ಉಳಿದಿಬ್ಬರಿಗೂ ಹಾಗೇ ತುಸು ಜಾಸ್ತಿ.

ಅದಕ್ಕೇ ಅನುಪಾತ ಬರೆಯುವ ಮುಂಚೆ ಭಿನ್ನರಾಶಿಗಳನ್ನು ಕೂಡಿಸಿ ನೋಡಿ ಅಂತ ಹಠ ಹಿಡಿಯುತ್ತೇನೆ. ಮೊತ್ತ 1 ಬಂತಾ? ಇಲ್ಲದಿದ್ದರೆ ಉಳಿದ ಪಾಲು ಯಾರದ್ದು ಅಂತ ಮೊದಲು ತೀರ್ಮಾನ ಆಗಲಿ.

ಶೇಕಡಾ ಲೆಕ್ಕಕ್ಕೂ ಇದೇ ದಾರಿ. ಮನೆ ಖರ್ಚಿನಲ್ಲಿ ಶೇ. 40 ದಿನಸಿಗೆ, ಶೇ. 35 ಬಾಡಿಗೆಗೆ ಹೋದರೆ ಉಳಿಯುವುದು ಶೇ. 25. ಮೂರನ್ನೂ 5ರಿಂದ ಭಾಗಿಸಿ, 8:7:5.