ಉಪ್ಪುನೀರಿನ ಅಕ್ವೇರಿಯಂ ಮನೆ ಬದಲಿಸುವಾಗ

ಜಯನಗರದಿಂದ ಯಲಹಂಕಕ್ಕೆ ನನ್ನ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಸಾಗಿಸಿದಾಗ ನೀರಿಗಿಂತ ಹೆಚ್ಚು ಜೋಪಾನ ಮಾಡಿದ್ದು ಕಲ್ಲುಗಳನ್ನು. ಮೀನಿನ ತ್ಯಾಜ್ಯದಿಂದ ಹುಟ್ಟುವ ವಿಷಕಾರಿ ಅಮೋನಿಯವನ್ನು ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳು ನೀರಿನಲ್ಲಿ ತೇಲುವುದು ಕಡಿಮೆ. ಕಲ್ಲಿನ ರಂಧ್ರಗಳಲ್ಲೇ ಅವುಗಳ ಬಿಡಾರ. ಹಾಗಾಗಿ ಕಲ್ಲುಗಳನ್ನು ತೊಟ್ಟಿಯದೇ ನೀರು ತುಂಬಿದ ಬಕೆಟ್‌ಗಳಲ್ಲಿ ಮುಳುಗಿಸಿಡಿ. ನಲ್ಲಿ ನೀರಿನಲ್ಲಿ ತೊಳೆಯಲೇಬೇಡಿ, ಕ್ಲೋರಿನ್ ಆ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಮೀನುಗಳಿಗೆ ಬೇರೆ ಬಕೆಟ್, ಜೊತೆಗೆ ಬ್ಯಾಟರಿಯ ಗಾಳಿಪಂಪು.

ಹಳೆಯ ಮರಳಿನ ಮೇಲೆ ಕನಿಕರ ಬೇಡ. ನನ್ನದನ್ನು ಕೆದಕಿದಾಗ ಅಡಿಯಲ್ಲಿ ಕಪ್ಪು ಪದರ, ಕೊಳೆತ ಮೊಟ್ಟೆಯ ವಾಸನೆ! ಮೇಲಿನ ಒಂದೆರಡು ಹಿಡಿ ಉಳಿಸಿಕೊಂಡು ಮಿಕ್ಕಿದ್ದನ್ನು ಎಸೆದೆ.

ಹಿಂದಿನ ದಿನವೇ ಹೊಸ ಉಪ್ಪುನೀರು ಬೆರೆಸಿ, ಸಾಪೇಕ್ಷ ಸಾಂದ್ರತೆ (ಶುದ್ಧ ನೀರಿಗೆ ಹೋಲಿಸಿದರೆ ಎಷ್ಟು ಪಟ್ಟು ಭಾರ ಎಂಬ ಅಳತೆ) 1.025, ಉಷ್ಣತೆ 25 ಡಿಗ್ರಿಗೆ ತಂದಿಡಿ. ಮೊದಲ ವಾರ ಆಹಾರ ಅರ್ಧ ಸಾಕು. ದಿನವೂ ಅಮೋನಿಯ ಪರೀಕ್ಷಿಸಿ. ಕಂಡರೆ ಕಾಲು ಭಾಗ ನೀರನ್ನು ತಕ್ಷಣ ಬದಲಿಸಿ.