ಫರ್ಫ್ಯೂರಲ್‌ನಿಂದ ಯಾವುದು ಮೊದಲು, ಯಾವುದು ಆಮೇಲೆ: ನನ್ನ ಅನುಭವ

ಫರ್ಫ್ಯೂರಲ್ (ಕೃಷಿ ತ್ಯಾಜ್ಯದಿಂದ ತೆಗೆಯುವ ಒಂದು ರಾಸಾಯನಿಕ) ಯಾವ ಕ್ರಮದಲ್ಲಿ ಬೇರೆ ವಸ್ತುಗಳಾಗುತ್ತದೆ ಎಂದು ತಿಳಿಯಲು, ಕನ್ವರ್ಷನ್ (ಅದರಲ್ಲಿ ಎಷ್ಟು ಪಾಲು ಬದಲಾಯಿತು ಎಂಬ ಲೆಕ್ಕ) ತೀರಾ ಕಡಿಮೆ ಇರುವಾಗಲೇ ಅಳೆಯುತ್ತೇನೆ ಎಂದೆ. "ಅಷ್ಟು ಕಡಿಮೆ ಕನ್ವರ್ಷನ್‌ನಲ್ಲಿ ಬರೀ ನಾಯ್ಸ್ ಸಿಗುತ್ತೆ, ಸುಮ್ನೆ ಮಾಡೆಲ್ ಫಿಟ್ ಮಾಡಿ" ಎಂದವರೇ ಜಾಸ್ತಿ. ಏಳೆಂಟು ರೇಟ್ ಕಾನ್‌ಸ್ಟೆಂಟ್ (ಒಂದೊಂದು ಹೆಜ್ಜೆಯ ವೇಗ ಹೇಳುವ ಸಂಖ್ಯೆ) ಕೊಟ್ಟರೆ ಕ್ರಿಯೆಗಳ ಯಾವ ಜಾಲ ಬರೆದರೂ ಗೆರೆ ಚೆನ್ನಾಗಿಯೇ ಕೂರುತ್ತದೆ, ಅಲ್ವಾ?

ನನ್ನದು ತಾಮ್ರದ ಕ್ಯಾಟಲಿಸ್ಟ್, ಸುಮಾರು 250 ಡಿಗ್ರಿ, ಹೈಡ್ರೋಜನ್ ಜೊತೆ ಫರ್ಫ್ಯೂರಲ್. ಬರುವುದು ಬಹುಪಾಲು ಫರ್ಫ್ಯೂರೈಲ್ ಆಲ್ಕೋಹಾಲ್, ಜೊತೆಗೆ 2-ಮೀಥೈಲ್‌ಫ್ಯೂರಾನ್, ಚೂರು ಫ್ಯೂರಾನ್. ಮೀಥೈಲ್‌ಫ್ಯೂರಾನ್ ಆಲ್ಕೋಹಾಲ್ ಮೂಲಕವೇ ಬರುತ್ತದೋ, ನೇರವಾಗಿಯೂ ಬರುತ್ತದೋ? ಫ್ಯೂರಾನ್ ಎಲ್ಲಿಂದ?

ದುಡ್ಡು ತಿಂದಿದ್ದು ಕ್ಯಾಟಲಿಸ್ಟ್ ಅಲ್ಲ, ಪೈಪು. ಕಾರ್ಬನ್ ಬ್ಯಾಲೆನ್ಸ್ (ಒಳಗೆ ಹೋದ ಕಾರ್ಬನ್ನಿನಲ್ಲಿ ಹೊರಗೆ ಲೆಕ್ಕಕ್ಕೆ ಸಿಕ್ಕ ಪಾಲು) 85 ಪರ್ಸೆಂಟ್ ಮೇಲೆ ಏಳಲೇ ಇಲ್ಲ. ಎಲ್ಲರೂ ಕೋಕ್ (ಕ್ಯಾಟಲಿಸ್ಟ್ ಮೇಲೆ ಕೂರುವ ಇದ್ದಿಲಿನಂಥ ಪದರ) ಎಂದರು. ಜಿಸಿಗೆ (ಗ್ಯಾಸ್ ಕ್ರೊಮ್ಯಾಟೋಗ್ರಾಫ್, ಉತ್ಪನ್ನಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹೋಗುವ ಲೈನಿನ ಒಂದು ಜಾಯಿಂಟ್ ಬಿಚ್ಚಿ ತೋರಿಸಿದೆ: ಅಲ್ಲಿ ಬಿಸಿ ಸಾಲದೆ ಆಲ್ಕೋಹಾಲ್ ಇಳಿದು ಕಪ್ಪು ಅಂಟಾಗಿ ಕೂತಿತ್ತು. ಇಡೀ ಲೈನನ್ನು 200 ಡಿಗ್ರಿ ಹತ್ತಿರ ಇಟ್ಟ ಮೇಲೆ ಬ್ಯಾಲೆನ್ಸ್ 97ಕ್ಕೆ ಬಂತು. ಅಷ್ಟರಲ್ಲಿ ಸ್ಯಾಂಪಲಿಂಗ್ ವಾಲ್ವ್, ಕಾಲಮ್ ಎರಡೂ ಕೆಟ್ಟು, ದಾರಿಯನ್ನು ನೇರವಾಗಿ ಹಿಂಬಾಲಿಸಲು ಬೇಕಿದ್ದ, ಕಾರ್ಬನ್-13ರ ಗುರುತು ಹಾಕಿದ ಫರ್ಫ್ಯೂರಲ್‌ಗೆ ಎತ್ತಿಟ್ಟ ಹಣ ಅಲ್ಲಿಗೇ ಹೋಯಿತು.

ಹಾಗಾಗಿ ಡೆಲ್‌ಪ್ಲಾಟ್ (ಯಾವ ಉತ್ಪನ್ನ ಎಷ್ಟನೇ ಮೆಟ್ಟಿಲಿನದು ಎಂದು ಗ್ರಾಫ್ ಮೂಲಕ ಗುರುತಿಸುವ ವಿಧಾನ) ಹಿಡಿದೆ. ತಾಪ ಮುಟ್ಟಲಿಲ್ಲ, ಫ್ಲೋ ಮತ್ತು ಕ್ಯಾಟಲಿಸ್ಟ್ ತೂಕ ಮಾತ್ರ ಬದಲಿಸಿ 2ರಿಂದ 40 ಪರ್ಸೆಂಟ್ ಕನ್ವರ್ಷನ್ ತನಕ ಹೋದೆ. ನಡುನಡುವೆ ಮೊದಲ ಪಾಯಿಂಟ್‌ಗೆ ವಾಪಸ್ ಬಂದು ಕ್ಯಾಟಲಿಸ್ಟ್ ಸುಸ್ತಾಗಿಲ್ಲ ಎಂದು ನೋಡಿಕೊಂಡೆ. ಯೀಲ್ಡ್ ಅನ್ನು (ಒಂದು ಉತ್ಪನ್ನ ಎಷ್ಟು ಸಿಕ್ಕಿತು ಎಂಬ ಲೆಕ್ಕ) ಕನ್ವರ್ಷನ್‌ನಿಂದ ಭಾಗಿಸಿ ಗೆರೆಯನ್ನು ಸೊನ್ನೆ ಕನ್ವರ್ಷನ್ ತನಕ ಎಳೆದರೆ ಆಲ್ಕೋಹಾಲ್ 0.97ರ ಹತ್ತಿರ ಮುಟ್ಟಿತು, ಅಂದರೆ ಮೊದಲ ಮೆಟ್ಟಿಲಿನದು. ಮೀಥೈಲ್‌ಫ್ಯೂರಾನ್ ನೇರ ಸೊನ್ನೆಗೆ ಇಳಿಯಿತು. ಕನ್ವರ್ಷನ್‌ನ ವರ್ಗದಿಂದ ಭಾಗಿಸಿದರೆ ಮಾತ್ರ ಅದು ಸೊನ್ನೆ ಬಿಟ್ಟು ಮೇಲೆ ನಿಂತಿತು, ಅಂದರೆ ಎರಡನೇ ಮೆಟ್ಟಿಲಿನದು. ಫ್ಯೂರಾನ್ 0.02ರಷ್ಟಿದ್ದರೂ ಸೊನ್ನೆಗೆ ಬೀಳಲಿಲ್ಲ. ಗ್ಯಾಸಿನಲ್ಲಿ ಅಷ್ಟೇ ಮೋಲ್ ಕಾರ್ಬನ್ ಮೊನಾಕ್ಸೈಡ್ ಇತ್ತು. ಫರ್ಫ್ಯೂರಲ್‌ನಿಂದ ನೇರವಾಗಿ ಒಡೆದು ಬಂದದ್ದು, ಅನುಮಾನ ಬೇಡ.

2 ಪರ್ಸೆಂಟ್‌ನಲ್ಲಿ ಮೀಥೈಲ್‌ಫ್ಯೂರಾನ್ ಪೀಕ್ ಬೇಸ್‌ಲೈನ್‌ನಲ್ಲೇ ಹೂತುಹೋಗಿರುತ್ತದೆ. ಅದನ್ನು ಮೇಲೆತ್ತಿದ ಉಪಾಯ ಪೇಪರ್ ಬರುವವರೆಗೆ ನನ್ನಲ್ಲೇ ಇರಲಿ. ಜಿಸಿ ಸೆಟ್ಟಿಂಗ್ ಮುಟ್ಟಿಲ್ಲ, ಅಷ್ಟು ಹೇಳಬಲ್ಲೆ.

ಕುತೂಹಲಕ್ಕೆ ಫರ್ಫ್ಯೂರಲ್ ಬದಲು ಆಲ್ಕೋಹಾಲ್ ಒಂದನ್ನೇ ಕ್ಯಾಟಲಿಸ್ಟ್ ಮೇಲೆ ಹಾಯಿಸಿದೆ. ಮೀಥೈಲ್‌ಫ್ಯೂರಾನ್ ಲೆಕ್ಕಕ್ಕಿಂತ ನಾಲ್ಕೈದು ಪಟ್ಟು ಜೋರಾಗಿ ಬಂತು. ಸ್ವಲ್ಪ ಫರ್ಫ್ಯೂರಲ್ ಬೆರೆಸಿದ ತಕ್ಷಣ ಇಳಿಯಿತು, ತಾಮ್ರದ ಮೇಲಿನ ಜಾಗವನ್ನು ಅದೇ ಹಿಡಿದುಕೊಳ್ಳುತ್ತದೆ. ಇಂಥ ರನ್ನಿನಿಂದ ದಾರಿ ಯಾವುದೆಂದು ತಿಳಿದುಕೊಳ್ಳಿ, ರೇಟ್ ತೆಗೆಯಬೇಡಿ.

ಈಗ ನನ್ನ ಮಾಡೆಲ್‌ನಲ್ಲಿ ಮೂರೇ ರೇಟ್ ಕಾನ್‌ಸ್ಟೆಂಟ್, ಒಂದು ಅಡ್ಸಾರ್ಪ್ಶನ್ ಪದ (ಫರ್ಫ್ಯೂರಲ್ ತಾಮ್ರದ ಜಾಗ ಹಿಡಿಯುವುದರ ಲೆಕ್ಕ). ನಾಯ್ಸ್ ಎಂದವರೇ ಡೇಟಾ ಫೈಲ್ ಕೇಳುತ್ತಿದ್ದಾರೆ. ನಿಕ್ಕಲ್ ಮೇಲೆ ಇನ್ನೂ ಗೆದ್ದಿಲ್ಲ. ಅಲ್ಲಿ ಫ್ಯೂರಾನ್ ಮತ್ತೆ ಒಡೆದು ನಾಲ್ಕು ಕಾರ್ಬನ್‌ನ ತುಂಡುಗಳಾಗುತ್ತದೆ, ಗೆರೆ ಸೊನ್ನೆಯ ಹತ್ತಿರವೇ ಬಾಗುತ್ತದೆ.